ನಿಮ್ಮ ರೈಫಲಿಗೆ ಹೊಂದುವ ಗುಂಡು ಯಾವುದು? .22 ತೋಟೆ ಪರೀಕ್ಷಿಸಿ ಆರಿಸುವ ಸಮಗ್ರ ಮಾರ್ಗದರ್ಶಿ

ರೈಫಲ್ ಶೂಟಿಂಗಿಗೆ ಇಳಿದವರು ಮೊದಲು ರೈಫಲಿನ ಬಗ್ಗೆ ಮಾತಾಡುತ್ತಾರೆ. ಆಮೇಲೆ ಜಾಕೆಟ್, ಶೂ, ಕನ್ನಡಕ. ಗುಂಡಿನ ಸರದಿ ಕೊನೆಗೆ. ಅದೂ ಒಂದೇ ಪ್ರಶ್ನೆ: "ಯಾವ ಕಂಪನಿಯದ್ದು ಒಳ್ಳೆಯದು?" ಇದಕ್ಕೆ ಯಾರ ಹತ್ತಿರವೂ ಸರಿಯಾದ ಉತ್ತರ ಇಲ್ಲ. ಒಂದೇ ಕಂಪನಿಯ, ಒಂದೇ ಹೆಸರಿನ ಎರಡು ಪೆಟ್ಟಿಗೆ ನಿಮ್ಮ ರೈಫಲಿನಲ್ಲಿ ಎರಡು ಥರ ಹೊಡೆಯಬಹುದು. ನಿಮ್ಮ ಗೆಳೆಯನಿಗೆ ಪದಕ ತಂದುಕೊಟ್ಟ ಗುಂಡು ನಿಮ್ಮ ಬ್ಯಾರೆಲಿನಲ್ಲಿ ಸುಮ್ನೆ ಚದುರಬಹುದು. ರೈಫಲನ್ನೇ ಕೇಳಬೇಕು. ಹೇಗೆ ಕೇಳುವುದು ಎಂಬುದಷ್ಟೇ ಈ ಬರಹ.

ಕೊಲ್ಲಾಪುರ ಜಿಲ್ಲೆಯ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನಿನಲ್ಲಿ ಕಂಚು ಗೆದ್ದ ಮೇಲೆ ನಮ್ಮ ಕಾಸರಗೋಡಿನ ಕಡೆಯ ಮಕ್ಕಳೂ "50 ಮೀಟರ್ ಹೇಗೆ?" ಎಂದು ಕೇಳುವುದು ಜಾಸ್ತಿಯಾಗಿದೆ. ಬದಿಯಡ್ಕ, ಮುಳ್ಳೇರಿಯಾ, ಪೆರ್ಲದ ಕಡೆ ಕೋವಿ ಹೊಸತೇನಲ್ಲ. ಆದರೆ ಅಲ್ಲಿ ತೋಟೆ ಎಂದರೆ 12 ಬೋರಿನದ್ದು, ಹಂದಿ ಓಡಿಸುವುದಕ್ಕೆ. ಇಲ್ಲಿ ಹೇಳುತ್ತಿರುವುದು ಕಿರುಬೆರಳಿಗಿಂತ ಚಿಕ್ಕದಾದ .22 ಲಾಂಗ್ ರೈಫಲ್ ತೋಟೆಯ (.22 ಎಂದರೆ ಇಂಚಿನಲ್ಲಿ ಬೋರಿನ ಅಳತೆ) ವಿಷಯ.

ತೋಟೆಯ ಒಳಗೆ

.22 ಲಾಂಗ್ ರೈಫಲ್ 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿಯಲ್ಲಿ ಹುಟ್ಟಿದ್ದು. ಅಲ್ಲಿಂದ ಇಲ್ಲಿಯವರೆಗೆ ಅಳತೆ ಹೆಚ್ಚು ಬದಲಾಗಿಲ್ಲ. ಸೀಸದ ಗುಂಡು, ತೂಕ 40 ಗ್ರೇನ್, ಅಂದರೆ 2.6 ಗ್ರಾಂ. ಹಿತ್ತಾಳೆಯ ತೆಳು ಕೇಸ್. ಬೆಂಕಿ ಹೊತ್ತಿಸುವ ಮದ್ದು ನಡುವಿನಲ್ಲಿ ಇರುವುದಿಲ್ಲ, ಕೇಸಿನ ಬುಡದ ಅಂಚಿನೊಳಗೆ ಸುತ್ತಲೂ ಹರಡಿರುತ್ತದೆ. ಫೈರಿಂಗ್ ಪಿನ್ ಆ ಅಂಚನ್ನು ಜಜ್ಜುತ್ತದೆ, ಮದ್ದು ಹೊತ್ತುತ್ತದೆ. ಅಂಚಿನಲ್ಲಿ ಮದ್ದು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆದರೆ ಪ್ರತಿ ಗುಂಡಿನ ವೇಗವೂ ಸ್ವಲ್ಪ ಸ್ವಲ್ಪ ಬೇರೆ. ಒಳ್ಳೆಯ ಗುಂಡಿಗೂ ಸಾಧಾರಣ ಗುಂಡಿಗೂ ಇರುವ ವ್ಯತ್ಯಾಸದ ದೊಡ್ಡ ಪಾಲು ಇಲ್ಲಿದೆ.

ಸ್ಪರ್ಧೆಯ ಗುಂಡು ಬ್ಯಾರೆಲಿನಿಂದ ಸೆಕೆಂಡಿಗೆ ಸುಮಾರು 320ರಿಂದ 330 ಮೀಟರ್ ವೇಗದಲ್ಲಿ ಹೊರಡುತ್ತದೆ. ನಮ್ಮ ಸೆಕೆಯಲ್ಲಿ ಶಬ್ದದ ವೇಗ 345–350 ಮೀಟರ್. ಬೇಕೆಂದೇ ಅದಕ್ಕಿಂತ ಕೆಳಗೆ ಇಟ್ಟಿದ್ದಾರೆ. "ಹೈ ವೆಲಾಸಿಟಿ" ಎಂದು ಬರೆದ ಪೆಟ್ಟಿಗೆ ನೋಡಿ ಇದು ಇನ್ನೂ ಚೆನ್ನಾಗಿರಬೇಕು ಅಂದುಕೊಳ್ಳಬೇಡಿ. ಆ ಗುಂಡು ಶಬ್ದಕ್ಕಿಂತ ವೇಗವಾಗಿ ಹೊರಟು, ದಾರಿಯಲ್ಲಿ ನಿಧಾನವಾಗಿ ಶಬ್ದದ ವೇಗವನ್ನು ದಾಟುವಾಗ ಅಲುಗುತ್ತದೆ. ಕಾಗದದ ಮೇಲೆ ಅದು ಕಾಣಿಸುತ್ತದೆ.

ಇನ್ನೊಂದು ಪ್ರಶ್ನೆ ಯಾವಾಗಲೂ ಬರುತ್ತದೆ: ಖಾಲಿ ಕೇಸಿಗೆ ಮತ್ತೆ ಮದ್ದು ತುಂಬಬಹುದಾ? .22ರಲ್ಲಿ ಆಗುವುದಿಲ್ಲ. ಅಂಚು ಜಜ್ಜಿಹೋಗಿರುತ್ತದೆ. ಹೊರದೇಶಗಳಲ್ಲಿ ಮೇಜಿನ ಮೇಲೆ ರೈಫಲ್ ಇಟ್ಟು ಹೊಡೆಯುವ ಬೆಂಚ್‌ರೆಸ್ಟ್ ಶೂಟರುಗಳು ತಮ್ಮ ತೋಟೆಯನ್ನು ತಾವೇ ತುಂಬಿಕೊಳ್ಳುತ್ತಾರೆ. 1950ರಲ್ಲಿ ಬಂದ .222 ರೆಮಿಂಗ್ಟನ್, 1975ರಲ್ಲಿ ಬಂದ 6 ಎಂಎಂ ಪಿಪಿಸಿ, ಇವೆಲ್ಲ ಆ ಆಟದಲ್ಲಿ ಹೆಸರು ಮಾಡಿದವು. ಅವು ನಡುವಿನಲ್ಲಿ ಪ್ರೈಮರ್, ಅಂದರೆ ಬೆಂಕಿ ಹೊತ್ತಿಸುವ ಮದ್ದಿನ ಪುಟ್ಟ ಬಟ್ಟಲು, ಇರುವ ತೋಟೆಗಳು. ಹಳೆ ಪ್ರೈಮರ್ ತೆಗೆದು ಹೊಸದು ಕೂರಿಸಬಹುದು. ನಮ್ಮಲ್ಲಿ ಮದ್ದುಗುಂಡು ತಯಾರಿಸಲು ಪ್ರತ್ಯೇಕ ಲೈಸೆನ್ಸ್ ಬೇಕು, ಮನೆಯ ಜಗಲಿಯಲ್ಲಿ ಕೂತು ಮಾಡುವ ಕೆಲಸ ಅಲ್ಲ. ಹಾಗಾಗಿ ನಮ್ಮ ಕೈಯಲ್ಲಿ ಇರುವುದು ತುಂಬುವ ಕಲೆಯಲ್ಲ, ಆರಿಸುವ ಕಲೆ.

ಮೊದಲು ಕಾಗದಪತ್ರ

.22 ರೈಫಲಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕೇ ಬೇಕು. ಕಾಸರಗೋಡಿನವರಿಗೆ ಅದು ವಿದ್ಯಾನಗರದ ಕಲೆಕ್ಟರೇಟಿನ ಕೆಲಸ. ಗುಂಡು ಖರೀದಿಸಿದಾಗಲೆಲ್ಲ ಲೈಸೆನ್ಸಿನಲ್ಲಿ ದಾಖಲಾಗುತ್ತದೆ, ಅದಕ್ಕೆ ಮಿತಿಯೂ ಇದೆ. ಎಷ್ಟು ಲಾಟ್ (ಒಟ್ಟಿಗೆ ತಯಾರಾದ ಗುಂಡುಗಳ ಒಂದು ತಂಡ) ಪರೀಕ್ಷೆ ಮಾಡಬಹುದು ಎಂಬ ಲೆಕ್ಕ ಅಲ್ಲಿಂದಲೇ ಶುರುವಾಗಬೇಕು. ಸ್ವಂತ ರೈಫಲ್ ಇಲ್ಲದವರು ಕ್ಲಬ್ಬಿನ ರೈಫಲಿನಲ್ಲಿ, ಕ್ಲಬ್ಬಿನ ಗುಂಡಿನಲ್ಲಿ, ಕೋಚ್ ಎದುರಿಗೇ ಮಾಡಿ. ಅದೇ ಸುಲಭ.

ನಮ್ಮ ಕಡೆಯವರು ಒಂದು ಸಂಗತಿ ಮರೆಯುತ್ತಾರೆ. ತಲಪಾಡಿ ದಾಟಿದರೆ ರಾಜ್ಯ ಬೇರೆ. ನಿಮ್ಮ ಲೈಸೆನ್ಸಿನ ವ್ಯಾಪ್ತಿಯಲ್ಲಿ ಕರ್ನಾಟಕ ಇದೆಯೇ ನೋಡಿಕೊಳ್ಳದೆ ರೈಫಲನ್ನು ಕಾರಿಗೆ ಹಾಕಿಕೊಂಡು ಮಂಗಳೂರಿನ ಕಡೆ ಹೊರಡಬೇಡಿ. ಮನೆಗೆ ದಿನಸಿ ತರುವುದಕ್ಕೆ ಗಡಿ ದಾಟುವುದು ನಮಗೆ ಅಭ್ಯಾಸ ಆಗಿಬಿಟ್ಟಿದೆ, ಅದಕ್ಕೇ ಈ ಎಚ್ಚರಿಕೆ. ಚುನಾವಣೆ ಹೊತ್ತಿಗೆ ಕೋವಿ ಠೇವಣಿ ಇಡಲು ನೋಟಿಸ್ ಬರುವುದೂ ಉಂಟು, ಪರೀಕ್ಷೆಯ ದಿನ ಗೊತ್ತು ಮಾಡುವಾಗ ಅದನ್ನೂ ನೆನಪಿಡಿ.

ಪರೀಕ್ಷೆ ನಡೆಯಬೇಕಾದದ್ದು ರೇಂಜಿನಲ್ಲಿ ಮಾತ್ರ. ".22 ಚಿಕ್ಕದು, ಅಡಿಕೆ ತೋಟದ ಮೂಲೆಯಲ್ಲಿ ಹೊಡೆದರೆ ಏನಾಗ್ತದೆ?" ಅನ್ನುವವರಿದ್ದಾರೆ. ಈ ಚಿಕ್ಕ ಗುಂಡು ಏನೂ ಅಡ್ಡ ಸಿಗದಿದ್ದರೆ ಒಂದೂವರೆ ಕಿಲೋಮೀಟರ್ ಹೋಗುತ್ತದೆ. ನಿಮ್ಮ ತೋಟ ಅಷ್ಟು ಉದ್ದ ಇಲ್ಲ, ಅಲ್ವಾ?

ಪೆಟ್ಟಿಗೆ ಕೊಳ್ಳುವಾಗ

ಪೆಟ್ಟಿಗೆಯ ಮೇಲೆ ಹೆಸರಿಗಿಂತ ಮುಖ್ಯವಾದದ್ದು ಲಾಟ್ ನಂಬರ್. ಒಂದೇ ಮೆಷಿನಿನಲ್ಲಿ, ಒಂದೇ ಸಲ ಬೆರೆಸಿದ ಮದ್ದಿನಲ್ಲಿ ತಯಾರಾದ ಗುಂಡುಗಳ ಗುರುತು ಅದು. ಒಂದು ಪೆಟ್ಟಿಗೆಯಲ್ಲಿ 50, ಹತ್ತು ಪೆಟ್ಟಿಗೆ ಸೇರಿದರೆ 500ರ ಕಟ್ಟು. ಎಲೀ ಕಂಪನಿಯವರು ಲಾಟಿನ ವೇಗವನ್ನೂ ಪೆಟ್ಟಿಗೆಯ ಮೇಲೆ ಸೆಕೆಂಡಿಗೆ ಇಷ್ಟು ಅಡಿ ಎಂದು ಮುದ್ರಿಸುತ್ತಾರೆ.

ಒಂದೇ ಹೆಸರಿನ ಮೂರು ನಾಲ್ಕು ಲಾಟಿನಿಂದ ಒಂದೊಂದು ಪೆಟ್ಟಿಗೆ ಸಿಕ್ಕಿದರೆ ಪರೀಕ್ಷೆ ಚೆನ್ನಾಗಿ ಆಗುತ್ತದೆ. ಸಿಗದಿದ್ದರೆ ಎರಡು ಬೇರೆ ಹೆಸರಿನದ್ದಾದರೂ ಸರಿ. ಎಲ್ಲಕ್ಕಿಂತ ದುಬಾರಿಯದ್ದರಿಂದಲೇ ಶುರು ಮಾಡಬೇಕಿಲ್ಲ. ಮಧ್ಯಮ ಬೆಲೆಯ ಒಳ್ಳೆಯ ಲಾಟ್ ದುಬಾರಿ ಹೆಸರಿನ ಹೊಂದದ ಲಾಟನ್ನು ಸೋಲಿಸುವುದು ಅಪರೂಪವಲ್ಲ. ಕಲಿಯುವ ಹಂತದಲ್ಲಿರುವ ಮಕ್ಕಳಿಗೆ ಟಾಪ್ ಗುಂಡು ಕೊಡಿಸುವುದು ನನ್ನ ಪ್ರಕಾರ ದುಡ್ಡು ದಂಡ. ಅದೇ ಹಣದಲ್ಲಿ ಎರಡರಷ್ಟು ಅಭ್ಯಾಸ ಮಾಡಬಹುದು.

ಕೆಲವರು ಗೇಜ್ ಇಟ್ಟುಕೊಂಡು ಪ್ರತಿ ತೋಟೆಯ ಅಂಚಿನ ದಪ್ಪ ಅಳೆದು ಬೇರೆ ಮಾಡುತ್ತಾರೆ, ಇನ್ನು ಕೆಲವರು ತೂಗುತ್ತಾರೆ. ಅಗ್ಗದ ಗುಂಡಿನಲ್ಲಿ ಇದರಿಂದ ಸ್ವಲ್ಪ ಪ್ರಯೋಜನ ಆಗಬಹುದು. ಸ್ಪರ್ಧೆಯ ಗುಂಡಿನಲ್ಲಿ ಸಮಯ ಹೋಗುತ್ತದೆ ಅಷ್ಟೇ.

ರೈಫಲನ್ನು ಸಿದ್ಧ ಮಾಡುವುದು

ಗುಂಡಿನ ತಪ್ಪೋ ರೈಫಲಿನ ತಪ್ಪೋ ಎಂದು ಆಮೇಲೆ ತಲೆ ಕೆರೆದುಕೊಳ್ಳಬಾರದು ಎಂದಿದ್ದರೆ ಮೊದಲೇ ಮೂರು ಕಡೆ ನೋಡಿ. ಆ್ಯಕ್ಷನ್ (ಬೋಲ್ಟ್ ಇರುವ ಲೋಹದ ಭಾಗ) ಸ್ಟಾಕಿಗೆ (ಕೈಯಲ್ಲಿ ಹಿಡಿಯುವ, ಭುಜಕ್ಕೆ ಒತ್ತುವ ಭಾಗ) ಕೂರುವ ಸ್ಕ್ರೂಗಳು ತಯಾರಕರು ಹೇಳಿದಷ್ಟೇ ಬಿಗಿ ಇರಬೇಕು. ಕೈ ಅಂದಾಜು ಬೇಡ, ಟಾರ್ಕ್ ರೆಂಚ್ ಬಳಸಿ. ಸೈಟ್, ಅಂದರೆ ಗುರಿ ನೋಡುವ ಭಾಗ, ಅಲುಗಬಾರದು. ಬ್ಯಾರೆಲನ್ನು ಹಿಂದಿನ ದಿನ, ಚೇಂಬರಿನ (ತೋಟೆ ಕೂರುವ ಜಾಗದ) ಕಡೆಯಿಂದ ಬಾಯಿಯ ಕಡೆಗೆ ಒರೆಸಿ ಒಣಗಿಸಿಡಿ. ನಮ್ಮ ಮನೆಗಳಲ್ಲಿ ಕೋವಿಗೆ ತೆಂಗಿನೆಣ್ಣೆ ಸವರುವ ಹಿರಿಯರು ಈಗಲೂ ಇದ್ದಾರೆ. ರೈಫಲಿಗೆ ಅದು ಬೇಡವೇ ಬೇಡ. ಕೆಲವು ತಿಂಗಳಲ್ಲಿ ಅಂಟಾಗುತ್ತದೆ, ಧನುರ್ಮಾಸದ ಚಳಿಯ ಬೆಳಗಿನಲ್ಲಿ ಗಟ್ಟಿಯಾಗಿ ಫೈರಿಂಗ್ ಪಿನ್ನಿನ ಓಟವನ್ನೇ ನಿಧಾನ ಮಾಡುತ್ತದೆ. ಗನ್ ಆಯಿಲ್, ಅದೂ ತೆಳುವಾಗಿ.

ಹೊಡೆಯುವುದು ಮೇಜಿನಿಂದ. ಮುಂದೆ ಒಂದು ರೆಸ್ಟ್, ಹಿಂದೆ ಮರಳಿನ ಚೀಲ. ಮಲಗಿ ಸ್ಲಿಂಗ್ (ತೋಳಿಗೆ ಬಿಗಿಯುವ ಪಟ್ಟಿ) ಹಾಕಿ ಹೊಡೆದರೆ ನಿಮ್ಮ ಉಸಿರು, ನಾಡಿ ಎಲ್ಲ ಗುಂಡಿನ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ರೆಸ್ಟ್ ಬ್ಯಾರೆಲಿಗೆ ತಾಗಬಾರದು, ಸ್ಟಾಕಿಗೆ ಮಾತ್ರ ತಾಗಬೇಕು.

ಗಾಳಿ ಏಳುವ ಮೊದಲು

ಕರಾವಳಿಯಲ್ಲಿ ಬೆಳಗ್ಗೆ ಗಾಳಿ ಕಡಿಮೆ. ಹೊತ್ತು ಏರಿದ ಮೇಲೆ ಕಡಲ ಗಾಳಿ ಪಡುವಣದಿಂದ ಬೀಸತೊಡಗುತ್ತದೆ. ಅಡ್ಡಗಾಳಿ ಸೆಕೆಂಡಿಗೆ ಒಂದೇ ಒಂದು ಮೀಟರ್ ಇದ್ದರೂ 50 ಮೀಟರಿನಲ್ಲಿ ಗುಂಡು ಸುಮಾರು 6 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಒಂದು ಮೀಟರ್ ಗಾಳಿ ಎಂದರೆ ಮುಖಕ್ಕೆ ತಾಗಿದ್ದೂ ಸರಿಯಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಬೆಳಗ್ಗೆ ಏಳು ಗಂಟೆಗೆ ಶುರು ಮಾಡಿ ಹತ್ತಕ್ಕೆ ಮುಗಿಸಿಬಿಡಿ. ನಡುದಾರಿಯಲ್ಲಿ ಎರಡು ಕೋಲಿಗೆ ಹಗುರವಾದ ರಿಬ್ಬನ್ ಕಟ್ಟಿ. ಹಳೆ ಕ್ಯಾಸೆಟ್ಟಿನ ಟೇಪು ಇದ್ದರೆ ಇನ್ನೂ ಒಳ್ಳೆಯದು, ಸಣ್ಣ ಗಾಳಿಗೂ ನಡುಗುತ್ತದೆ. ಟೇಪು ಒಂದೇ ರೀತಿ ತೂಗುತ್ತಿರುವಾಗ ಮಾತ್ರ ಹೊಡೆಯಿರಿ.

ಗುಂಡಿನ ಪೆಟ್ಟಿಗೆ ನೆರಳಿನಲ್ಲಿರಲಿ. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಇಟ್ಟ ಪೆಟ್ಟಿಗೆಯನ್ನೂ ಚೀಲದಲ್ಲಿ ಇಟ್ಟದ್ದನ್ನೂ ಹೋಲಿಸಿದರೆ ನೀವು ಅಳೆಯುವುದು ಲಾಟನ್ನಲ್ಲ, ಬಿಸಿಲನ್ನು.

ಐವತ್ತು ಗುಂಡುಗಳ ಲೆಕ್ಕ

ಪ್ರತಿ ಪೆಟ್ಟಿಗೆಯ 50 ಗುಂಡನ್ನು ಹೀಗೆ ಹಂಚಿ: ಮೊದಲ 10 ಬ್ಯಾರೆಲಿಗೆ, ಉಳಿದ 40 ಪರೀಕ್ಷೆಗೆ.

ಮೊದಲ 10 ಯಾಕೆ? .22 ಗುಂಡಿನ ಮೇಲೆ ಮೇಣದಂತಹ ಲೇಪ ಇರುತ್ತದೆ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಒಂದೊಂದು ಕಂಪನಿಯ ಲೇಪ ಒಂದೊಂದು ಥರ. ಬ್ಯಾರೆಲಿನ ಒಳಗೆ ಹಿಂದಿನ ಗುಂಡಿನ ಲೇಪ ಇನ್ನೂ ಇರುವಾಗ ಹೊಸ ಗುಂಡು ತನ್ನ ನಿಜವಾದ ಗುಣ ತೋರಿಸುವುದಿಲ್ಲ. ಈ 10ನ್ನು ಬೇರೆ ಕಾಗದಕ್ಕೆ ಹೊಡೆದು ಬಿಟ್ಟುಬಿಡಿ, ಎಷ್ಟೇ ಚೆನ್ನಾಗಿ ಬಿದ್ದಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಆಮೇಲೆ ಹತ್ತು ಹತ್ತರಂತೆ ನಾಲ್ಕು ಕಾಗದ. ಐದೈದು ಸಾಕಲ್ವಾ ಎಂದು ಕೇಳಬೇಡಿ. ಐದು ಗುಂಡು ಒಂದೇ ತೂತಿನಲ್ಲಿ ಬೀಳುವುದು ಅದೃಷ್ಟದಿಂದಲೂ ಆಗುತ್ತದೆ. ಅಂತರ್ಜಾಲದಲ್ಲಿ ಜನ ತೋರಿಸುವ ಚಿತ್ರಗಳೆಲ್ಲ ಅಂಥವೇ, ಚದುರಿದ ಕಾಗದದ ಚಿತ್ರ ಯಾರೂ ಹಾಕುವುದಿಲ್ಲ.

ಒಂದೇ ಕಂಪನಿಯ ಒಂದೇ ಹೆಸರಿನ ಲಾಟುಗಳಾದರೆ ಲೇಪ ಒಂದೇ. ಆಗ ಮೊದಲ ಲಾಟಿನ ಒಂದು ಕಾಗದ, ಎರಡನೆಯದರ ಒಂದು, ಮೂರನೆಯದರ ಒಂದು ಎಂದು ಸರದಿಯ ಮೇಲೆ ಹೊಡೆಯಿರಿ. ಗಾಳಿ, ಬೆಳಕು, ನಿಮ್ಮ ದಣಿವು ಎಲ್ಲ ಲಾಟಿಗೂ ಸಮವಾಗಿ ಹಂಚಿಹೋಗುತ್ತದೆ. ಬೇರೆ ಬೇರೆ ಕಂಪನಿಯದ್ದಾದರೆ ಹೀಗೆ ಮಾಡಲಾಗದು, ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗಿ.

ಸೈಟನ್ನು ನಡುವೆ ಮುಟ್ಟಬೇಡಿ. ಗ್ರೂಪ್, ಅಂದರೆ ಒಂದು ಕಾಗದದ ಹತ್ತು ತೂತುಗಳ ಗುಂಪು, ಎಂಟರ ರಿಂಗಿನಲ್ಲಿ ಬಿದ್ದರೂ ಪರವಾಗಿಲ್ಲ. ಈಗ ಹುಡುಕುತ್ತಿರುವುದು ಹತ್ತಿರ ಹತ್ತಿರ ಬೀಳುವುದನ್ನು, ನಡುವಿಗೆ ಬೀಳುವುದನ್ನಲ್ಲ. ಎಲ್ಲ ಗ್ರೂಪಿಗೂ ಒಂದೇ ಚುಕ್ಕೆಗೆ ಗುರಿ ಇರಲಿ.

ಟ್ರಿಗರ್ ಒತ್ತಿದ ಮೇಲೂ ಶಬ್ದ ಬಾರದಿದ್ದರೆ ಬೋಲ್ಟ್ ತಕ್ಷಣ ತೆರೆಯಬೇಡಿ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ಆಮೇಲೆ ರೇಂಜ್ ಅಧಿಕಾರಿಯನ್ನು ಕರೆಯಿರಿ. "ಟುಸ್" ಎಂಬ ಸಪ್ಪೆ ಶಬ್ದ ಬಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ಬ್ಯಾರೆಲಿನೊಳಗೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ಬ್ಯಾರೆಲ್ ಉಬ್ಬುತ್ತದೆ.

ಖಾಲಿ ಕೇಸುಗಳನ್ನು ಲಾಟಿನ ಪ್ರಕಾರ ಬೇರೆ ಇಡಿ. ಕಾಗದಕ್ಕಿಂತ ಮೊದಲು ಅವೇ ಕೆಲವು ಸುದ್ದಿ ಹೇಳುತ್ತವೆ. ಬೆಳಕಿಗೆ ಹಿಡಿದು ಬುಡ ನೋಡಿ. ಪಿನ್ನಿನ ಗುರುತು ಎಲ್ಲದರಲ್ಲೂ ಒಂದೇ ಆಳ, ಒಂದೇ ಅಂಚು ಇರಬೇಕು. ಒಂದರಲ್ಲಿ ಆಳ, ಇನ್ನೊಂದರಲ್ಲಿ ಮೇಲೆ ಮೇಲೆ ತಾಗಿದ ಹಾಗೆ ಇದ್ದರೆ ಅದು ಗುಂಡಿನ ದೋಷವಲ್ಲ, ನಿಮ್ಮ ಸ್ಪ್ರಿಂಗ್ ಅಥವಾ ಪಿನ್ ನೋಡಿಸಬೇಕು. ಕೇಸಿನ ಮೈಮೇಲೆ ಬಾಯಿಯಿಂದ ಬುಡದವರೆಗೆ ಮಸಿಯ ಗೆರೆ ಇದ್ದರೆ ಹೊಗೆ ಹಿಂದಕ್ಕೆ ಬಂದಿದೆ, ಕೇಸ್ ಚೇಂಬರಿಗೆ ಸರಿಯಾಗಿ ಒತ್ತಿಕೊಂಡಿಲ್ಲ ಎಂದರ್ಥ.

ಕಾಗದ ಓದುವ ಬಗೆ

ಗ್ರೂಪ್ ಅಳೆಯುವುದು ಅತಿ ದೂರದ ಎರಡು ತೂತುಗಳ ನಡುವಿನ ದೂರವನ್ನು, ಕೇಂದ್ರದಿಂದ ಕೇಂದ್ರಕ್ಕೆ. ಕ್ಯಾಲಿಪರಿನಲ್ಲಿ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 5.6 ಮಿ.ಮೀ. ಕಳೆಯಿರಿ. ಗುಂಡಿನ ದಪ್ಪ ಅಷ್ಟೇ.

ಎಷ್ಟಿದ್ದರೆ ಒಳ್ಳೆಯದು? ಲೆಕ್ಕ ಹಾಕೋಣ. 50 ಮೀಟರ್ ಟಾರ್ಗೆಟಿನಲ್ಲಿ ಹತ್ತರ ರಿಂಗಿನ ವ್ಯಾಸ 10.4 ಮಿ.ಮೀ. ಗುಂಡಿನ ಅಂಚು ಗೆರೆಗೆ ತಾಗಿದರೂ ಹತ್ತು. ಅಂದರೆ ಗುಂಡಿನ ಕೇಂದ್ರ ನಡುವಿನಿಂದ 8 ಮಿ.ಮೀ.ವರೆಗೆ ಹೋಗಬಹುದು. ಹಾಗಾದರೆ ಗ್ರೂಪ್ 16 ಮಿ.ಮೀ. ಇದ್ದು ಸರಿಯಾಗಿ ನಡುವಿನಲ್ಲಿ ಕೂತರೆ ಗುಂಡು ನಿಮ್ಮಿಂದ ಒಂದು ಹತ್ತನ್ನೂ ಕಸಿದುಕೊಳ್ಳುವುದಿಲ್ಲ. ಆದರೆ ನಿಮ್ಮ ಕೈಯ ಅಲುಗಾಟಕ್ಕೂ ಜಾಗ ಬೇಕಲ್ಲ. ಆದ್ದರಿಂದ ಹತ್ತು ಗುಂಡಿನ ಗ್ರೂಪ್ ಸರಾಸರಿ 15ರ ಒಳಗೆ ಬಂದರೆ ನನಗೆ ತೃಪ್ತಿ. 20 ದಾಟಿದ ಲಾಟನ್ನು ಅಭ್ಯಾಸಕ್ಕೆ ಬಿಡಿ.

ದಶಾಂಶದಲ್ಲಿ ಅಂಕ ಕೊಡುವ ಪಂದ್ಯಕ್ಕೆ ತಯಾರಾಗುವವರಿಗೆ ಇದು ಸಾಲದು. ಅಲ್ಲಿ ಪ್ರತಿ 0.8 ಮಿ.ಮೀ.ಗೆ 0.1 ಅಂಕ ಹೋಗುತ್ತದೆ.

ಗಾತ್ರಕ್ಕಿಂತ ಆಕಾರ ಹೆಚ್ಚು ಹೇಳುತ್ತದೆ. ಒಂದೇ ಲಾಟಿನ ನಾಲ್ಕು ಕಾಗದಗಳನ್ನು ಒಂದರ ಮೇಲೊಂದು ಸರಿಯಾಗಿ ಇಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿಯಿರಿ. ನಲ್ವತ್ತೂ ಗುಂಡಿನ ಹರಡಿಕೆ ಬೆಳಕಿನಲ್ಲಿ ಒಟ್ಟಿಗೆ ಗೊತ್ತಾಗುತ್ತದೆ. ದುಂಡಗಿದ್ದರೆ ಒಳ್ಳೆಯ ಲಕ್ಷಣ. ಮೇಲೆ ಕೆಳಗೆ ಉದ್ದವಾಗಿದ್ದರೆ ವೇಗದ ಏರುಪೇರು. 50 ಮೀಟರ್ ಹೋಗುವಷ್ಟರಲ್ಲಿ ಈ ಗುಂಡು ಸುಮಾರು 12–13 ಸೆಂ.ಮೀ. ಕೆಳಗೆ ಇಳಿಯುತ್ತದೆ. ವೇಗ ಸೆಕೆಂಡಿಗೆ 10 ಮೀಟರ್ ಕಡಿಮೆಯಾದರೆ ಇನ್ನೂ 7–8 ಮಿ.ಮೀ. ಕೆಳಗೆ. ಹತ್ತರ ರಿಂಗಿನ ಬಹುಪಾಲು ಅಲ್ಲೇ ಹೋಯಿತು. ಎಡ ಬಲಕ್ಕೆ ಹರಡಿದ್ದರೆ ಮೊದಲು ಗಾಳಿಯನ್ನು ಸಂಶಯಿಸಿ, ಗುಂಡನ್ನಲ್ಲ. ಎರಡು ಗುಂಪಾಗಿ ಒಡೆದಿದ್ದರೆ ಸ್ಕ್ರೂ ಅಥವಾ ಸೈಟ್ ಸಡಿಲ ಇರಬಹುದು.

ಒಂಬತ್ತು ಒಟ್ಟಿಗೆ, ಒಂದು ಮಾತ್ರ ದೂರ ಬಿದ್ದಿದ್ದರೆ "ಅದು ನನ್ನ ಕೈ ತಪ್ಪು" ಎಂದು ಕೈಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ಟ್ರಿಗರ್ ಒತ್ತಿದ ಆ ಕ್ಷಣದಲ್ಲೇ ಕೈ ತಪ್ಪಿದ್ದು ಗೊತ್ತಾಗಿ ಬರೆದುಕೊಂಡಿದ್ದರೆ ಮಾತ್ರ ಕೈಬಿಡಿ. ಕಾಗದ ನೋಡಿದ ಮೇಲೆ ನೆನಪಾದ ತಪ್ಪು ಲೆಕ್ಕಕ್ಕಿಲ್ಲ. ನಾಲ್ಕೂ ಕಾಗದದಲ್ಲಿ ಒಂದೊಂದು ಹೀಗೆ ಹೊರಗೆ ಹೋಗಿದ್ದರೆ ಆ ಲಾಟಿನ ಸ್ವಭಾವವೇ ಅದು. ಪಂದ್ಯದ 60 ಗುಂಡಿನಲ್ಲಿ ಆರು ಸಲ ಹಾಗೆ ಆಗುತ್ತದೆ.

ಎರಡು ಲಾಟಿನ ಸರಾಸರಿಯಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸ ಮಾತ್ರ ಇದ್ದರೆ ಎರಡೂ ಒಂದೇ ಎಂದು ತಿಳಿಯಿರಿ. ಅಗ್ಗದ್ದನ್ನು, ಅಥವಾ ಅಂಗಡಿಯಲ್ಲಿ ಜಾಸ್ತಿ ದಾಸ್ತಾನು ಇರುವುದನ್ನು ತೆಗೆದುಕೊಳ್ಳಿ.

ಹಂದಿಯ ಮಾತು

ರೇಂಜಿನಿಂದ ಬಂದ ದಿನ ಯಾರಾದರೂ ಕೇಳಿಯೇ ಕೇಳುತ್ತಾರೆ: "ಭಾವ, ಇದರಲ್ಲಿ ಹಂದಿ ಬೀಳ್ತದಾ?" ಬೀಳುವುದಿಲ್ಲ. ಈ ಗುಂಡಿನ ಶಕ್ತಿ 140 ಜೂಲಿನ ಆಸುಪಾಸು, 12 ಬೋರಿನದ್ದು ಅದರ ಹಲವು ಪಟ್ಟು. ಗಾಯಗೊಂಡ ಹಂದಿ ಎದುರಾದರೆ ಏನಾಗುತ್ತದೆ ಎಂದು ತೋಟದವರಿಗೆ ನಾನು ಹೇಳಬೇಕಾಗಿಲ್ಲ. ಅದೂ ಅಲ್ಲದೆ ಗುರಿ ಅಭ್ಯಾಸಕ್ಕೆಂದು ಕೊಟ್ಟ ಲೈಸೆನ್ಸಿನಲ್ಲಿ ಬೇಟೆ ಆಡುವ ಹಾಗಿಲ್ಲ. ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರ ಮೇ ತಿಂಗಳಲ್ಲಿ ಪಂಚಾಯತ್ ಅಧ್ಯಕ್ಷರಿಗೆ ಕೊಟ್ಟಿತು. ಲೈಸೆನ್ಸ್ ಇರುವ ಕೋವಿಯವರೇ ಆ ಕೆಲಸ ಮಾಡಬೇಕು. ವಿಷ, ಸಿಡಿಮದ್ದು, ಕರೆಂಟ್ ತಂತಿ ಯಾವುದೂ ಸಲ್ಲದು. ಹಂದಿ ಕಾಟ ಇದ್ದರೆ ಪಂಚಾಯತಿಗೆ ಹೋಗಿ, .22 ಪೆಟ್ಟಿಗೆ ಮುಟ್ಟಬೇಡಿ.

ಏರ್ ರೈಫಲಿನವರಿಗೆ

10 ಮೀಟರ್ ಏರ್ ರೈಫಲಿನಲ್ಲಿ ಕಲಿಯುತ್ತಿರುವವರಿಗೂ ಇದೇ ವಿಧಾನ, ಅಳತೆ ಮಾತ್ರ ಚಿಕ್ಕದು. 4.5 ಮಿ.ಮೀ. ಬೋರಿನ, 20 ಜೂಲ್ ಮೀರದ ಏರ್ ರೈಫಲಿಗೆ ಲೈಸೆನ್ಸ್ ಬೇಡ. ಸ್ಪರ್ಧೆಯ ರೈಫಲುಗಳದ್ದು 7–8 ಜೂಲ್ ಅಷ್ಟೇ. ಚಪ್ಪಟೆ ತಲೆಯ, 0.53 ಗ್ರಾಂ ತೂಕದ ಪೆಲೆಟ್ (ಏರ್ ರೈಫಲಿನ ಸೀಸದ ಗುಂಡು) ತೆಗೆದುಕೊಳ್ಳಿ. ಡಬ್ಬಿಯ ಮೇಲೆ 4.49, 4.50, 4.51 ಎಂದು ತಲೆಯ ಅಳತೆ ಇರುತ್ತದೆ. ಲಾಟಿನ ಜೊತೆ ಈ ಅಳತೆಗಳನ್ನೂ ಪರೀಕ್ಷಿಸಿ. ಇಲ್ಲಿ ಹತ್ತು ಎಂದರೆ 0.5 ಮಿ.ಮೀ. ಚುಕ್ಕೆ. ಪೆಲೆಟಿನ ದಪ್ಪ ಸೇರಿಸಿದರೆ ಕೇಂದ್ರ 2.5 ಮಿ.ಮೀ.ವರೆಗೆ ಜಾರಬಹುದು. ಪ್ರತಿ 0.25 ಮಿ.ಮೀ.ಗೆ 0.1 ಅಂಕ. ರೈಫಲನ್ನು ಗಟ್ಟಿಯಾಗಿ ಕೂರಿಸಿ ಹೊಡೆದಾಗ ಹತ್ತು ಪೆಲೆಟುಗಳು ಹೆಚ್ಚುಕಡಿಮೆ ಒಂದೇ ತೂತು ಮಾಡಬೇಕು. ಡಬ್ಬಿ ಕೆಳಗೆ ಬಿದ್ದರೆ ಪೆಲೆಟಿನ ತೆಳು ಬಾಲ ನೆಗ್ಗುತ್ತದೆ, ಅಂಥ ಡಬ್ಬಿಯನ್ನು ಪರೀಕ್ಷೆಗೆ ಬಳಸಬೇಡಿ.

.22 ಆಗಲಿ ಪೆಲೆಟ್ ಆಗಲಿ, ಸೀಸ ಸೀಸವೇ. ಹೊಡೆದು ಮುಗಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಮಕ್ಕಳು ತಿಂಡಿ ಡಬ್ಬಿ ತೆರೆಯಬಾರದು.

ಮಳೆಗಾಲದ ದಾಸ್ತಾನು

ಗೆದ್ದ ಲಾಟ್ ಗೊತ್ತಾದ ದಿನವೇ ಅಂಗಡಿಗೆ ಫೋನ್ ಮಾಡಿ. ಎರಡು ವಾರ ಬಿಟ್ಟರೆ ಆ ಲಾಟ್ ಇರುವುದಿಲ್ಲ. ಲೈಸೆನ್ಸಿನ ಮಿತಿಯೊಳಗೆ ಎಷ್ಟಾಗುತ್ತದೋ ಅಷ್ಟು ತೆಗೆದಿಡಿ, ಪಂದ್ಯಕ್ಕೆ ಬೇಕಾದಷ್ಟನ್ನು ಮೊದಲೇ ಬೇರೆ ಮಾಡಿ.

ನಮ್ಮಲ್ಲಿ ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಬೆಲ್ಟಿಗೂ ಬೂಸು ಹಿಡಿಯುತ್ತದೆ. ತೋಟೆಯ ಹಿತ್ತಾಳೆಗೆ ಹಸಿರು ಬಂದರೆ, ಗುಂಡಿನ ಮೇಲೆ ಬಿಳಿ ಪುಡಿ ಕಂಡರೆ ಅವು ಪಂದ್ಯಕ್ಕೆ ಸಲ್ಲವು. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬೀಗ ಇರುವ ಕಪಾಟಿನಲ್ಲಿ, ರೈಫಲಿನಿಂದ ಬೇರೆ ಇಡಿ. ಅಟ್ಟದ ಮೇಲೆ ಬೇಡ, ಹಂಚಿನ ಕೆಳಗೆ ಏಪ್ರಿಲಿನಲ್ಲಿ ಬೆಂಕಿ ಕಾದ ಹಾಗೆ ಇರುತ್ತದೆ.

ಡಬ್ಬಿಯ ಮುಚ್ಚಳದ ಮೇಲೆ ಲಾಟ್ ನಂಬರ್, ಪರೀಕ್ಷೆಯ ದಿನಾಂಕ, ಸರಾಸರಿ ಗ್ರೂಪ್ ಬರೆದು ಅಂಟಿಸಿ. ಕಾಗದಗಳನ್ನು ಎಸೆಯಬೇಡಿ. ಲಾಟ್ ಮುಗಿಯುತ್ತಾ ಬಂದಾಗ ಎರಡು ಪೆಟ್ಟಿಗೆ ಉಳಿಸಿಕೊಳ್ಳಿ. ಹೊಸ ಲಾಟುಗಳ ಪರೀಕ್ಷೆಯ ದಿನ ಹಳೆಯದರ ಒಂದು ಪೆಟ್ಟಿಗೆಯನ್ನೂ ಸರದಿಗೆ ಸೇರಿಸಿ. ಹಳೆಯದೂ ಆ ದಿನ ಚದುರಿದರೆ ಕಾರಣ ಗಾಳಿ ಅಥವಾ ರೈಫಲ್, ಹೊಸ ಗುಂಡನ್ನು ದೂರುವಂತಿಲ್ಲ. ಹಾಗಾದಾಗ ಪರೀಕ್ಷೆ ನಿಲ್ಲಿಸಿ, ಉಳಿದ ಗುಂಡನ್ನು ಇನ್ನೊಂದು ಬೆಳಗಿಗೆ ಎತ್ತಿಡಿ.